ಚರ್ಚ್‌ಗಳ ಮಾರ್ಬಲ್ ಮೂರ್ತಿಗಳು ಮೊದಲಿಂದ್ಲೂ ಇಷ್ಟೇ ಬೆಳ್ಳಗಿದ್ವಾ?

ಪ್ರಶ್ನೆ: ಗ್ರೀಕ್, ರೋಮನ್ ಶಿಲ್ಪಗಳಿಗೆ ಬಣ್ಣ ಇತ್ತು ಅಂತ ಈಗ ಎಲ್ರೂ ಹೇಳ್ತಾರೆ, ಸರಿ. ಮೈಕೆಲ್ಯಾಂಜೆಲೊ ಕಾಲದ ಇಟಲಿಯಲ್ಲೂ ದೇವರ ಮೂರ್ತಿಗಳಿಗೆ ಬಣ್ಣ ಹಚ್ತಿದ್ರಾ? ಈಗ ಒಂದು ಚೂರೂ ಕಾಣಲ್ವಲ್ಲ, ಇತ್ತು ಅಂತ ಹೇಗೆ ಕಂಡುಹಿಡೀತಾರೆ?

ಹಚ್ತಿದ್ರು, ಆದ್ರೆ ಮೈತುಂಬಾ ಅಲ್ಲ. ಮರದ್ದು, ಸುಟ್ಟ ಮಣ್ಣಿಂದು ಆದ್ರೆ ಸಾಮಾನ್ಯವಾಗಿ ಪೂರ್ತಿ ಬಣ್ಣ. ಅಮೃತಶಿಲೆ ದುಬಾರಿ ಕಲ್ಲು, ಅಷ್ಟು ದುಡ್ಡು ಕೊಟ್ಟು ತರಿಸಿ ಆಮೇಲೆ ಅದನ್ನ ಬಣ್ಣದಲ್ಲಿ ಮುಚ್ಚೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ. ಹಾಗಾಗಿ ಹೆಚ್ಚಾಗಿ ಮೈಯೆಲ್ಲಾ ಕಲ್ಲಿನ ಬಿಳುಪು, ಕೂದಲಿಗೆ, ಸೆರಗಿನ ಅಂಚಿಗೆ, ತಲೆ ಹಿಂದಿನ ಪ್ರಭೆಗೆ ಬಂಗಾರದ ರೇಕು, ಕಣ್ಣಿನ ಪಾಪೆಗೆ ಒಂಚೂರು ಗಾಢ ಬಣ್ಣ, ಕೆಲವೊಮ್ಮೆ ತುಟಿಗೆ ಕೆಂಪು, ಇಷ್ಟೇ. ಇದೆಲ್ಲ ಮೇಣದಬತ್ತಿ ಬೆಳಕಲ್ಲಿ ನೋಡೋಕೆ ಮಾಡಿದ್ದು ಅನ್ನೋದನ್ನ ಮರೀಬೇಡಿ, ಮ್ಯೂಸಿಯಂ ಲೈಟಲ್ಲಿ ನೋಡಿದ್ರೆ ಅದರ ಮಜಾ ಅರ್ಧಕ್ಕರ್ಧ ಹೋಗುತ್ತೆ. ಡೊನಾಟೆಲ್ಲೊ ಅನ್ನೋ ಶಿಲ್ಪಿ 1433-39ರಲ್ಲಿ ಫ್ಲಾರೆನ್ಸ್ ಕೆಥೆಡ್ರಲ್‌ಗೆ ಮಾಡಿದ ಹಾಡುಗಾರರ ಗ್ಯಾಲರಿ (ಹಾಡೋರು ನಿಲ್ಲೋ ಬಾಲ್ಕನಿ) ಇದೆಯಲ್ಲ, ಅದರಲ್ಲಿ ಕೆತ್ತಿರೋ ಕುಣಿಯೋ ಮಕ್ಕಳ ಹಿಂದೆ ಪೂರ್ತಿ ಸಣ್ಣ ಸಣ್ಣ ಮೊಸಾಯಿಕ್ ಚೂರು ಕೂರಿಸಿದಾನೆ, ಕತ್ತಲಲ್ಲಿ ದೀಪ ಅಲ್ಲಾಡಿದ್ರೆ ಅವು ಮಿನುಗ್ತಿದ್ವು, ಮಕ್ಕಳೂ ಕುಣಿದಂಗೇ ಕಾಣ್ತಿದ್ರು ಅನ್ಸುತ್ತೆ.

ಮೈಕೆಲ್ಯಾಂಜೆಲೊ ಕೆತ್ತಿದ ದಾವೀದನ ಮೂರ್ತಿ ಎಲ್ರಿಗೂ ಗೊತ್ತು, ಅದಕ್ಕೂ ಬಂಗಾರ ಇತ್ತು! ಭುಜದ ಮೇಲಿಂದ ಬರೋ ಕವಣೆ ಪಟ್ಟಿಗೆ, ಬಲಗಾಲ ಹಿಂದಿನ ಮರದ ಬೊಡ್ಡೆಗೆ. 1504ರಿಂದ 1873ರವರೆಗೆ ಬಯಲಲ್ಲೇ ನಿಂತಿತ್ತು, ಮಳೆ ಗಾಳಿ ತಿಂದಿದ್ದು ಸಾಲದು ಅಂತ 1843ರಲ್ಲಿ ಕ್ಲೀನ್ ಮಾಡ್ತೀವಿ ಅಂತ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ತೊಳೆದ್ರು. ಮಾರ್ಬಲ್‌ಗೆ ಆಸಿಡ್! ಮೇಲ್ಪದರವೇ ಕರಗಿಹೋಗುತ್ತೆ, ಇನ್ನು ಬಣ್ಣದ ಗುರುತು ಎಲ್ಲಿಂದ ಉಳೀಬೇಕು. ಬೇರೆ ಎಷ್ಟೋ ಶಿಲ್ಪಗಳಿಗೆ ಪ್ಲಾಸ್ಟರ್ ಅಚ್ಚು ತೆಗೆಯೋವಾಗ ಇದೇ ಗತಿ ಆಯ್ತು, ಅಚ್ಚು ಕಿತ್ತಾಗ ಬಣ್ಣನೂ ಅದರ ಜೊತೆ ಬಂತು. ಅಂದ್ರೆ ನಾವು ಮೆಚ್ಕೊಳ್ಳೋ ಆ ಬಿಳುಪಲ್ಲಿ ಒಂದು ಪಾಲು ತಿಕ್ಕಿ ತೊಳೆದು ಬರಿಸಿದ್ದು.

ಈಗ ಹುಡುಕೋ ವಿಷಯ. ಮೂಗು, ಮಂಡಿ ಇಂಥ ಕಡೆ ಏನೂ ಸಿಗಲ್ಲ, ಎಲ್ರೂ ಮುಟ್ಟಿ ಒರೆಸಿರ್ತಾರೆ. ಬಟ್ಟೆಯ ನಿರಿಗೆ ಒಳಗೆ, ಕಿವಿ ಹಿಂದೆ, ಗುಂಗುರು ಕೂದಲಿನ ಗುಳಿಗಳಲ್ಲಿ ಮೈಕ್ರೋಸ್ಕೋಪ್ ಇಟ್ಕೊಂಡು ನೋಡ್ಬೇಕು. ಎಷ್ಟೋ ಸಲ ಬಂಗಾರ ಇರಲ್ಲ, ಕಂದು ಕಲೆ ಇರುತ್ತೆ, ನೋಡಿದ್ರೆ ಕೊಳೆ ಅನ್ಸುತ್ತೆ, ಆದ್ರೆ ಅದು ರೇಕು ಅಂಟಿಸೋಕೆ ಹಚ್ಚಿದ್ದ ಎಣ್ಣೆ ವಯಸ್ಸಾಗಿ ಕಂದು ತಿರುಗಿದ್ದು. ಅಂದ್ರೆ ಬಂಗಾರ ಹೋದ್ರೂ ಅಂಟು ಸಾಕ್ಷಿ ಹೇಳುತ್ತೆ. ಆಮೇಲೆ ಎಕ್ಸ್-ರೇ ಫ್ಲೋರೆಸೆನ್ಸ್ ಮೆಷಿನ್ ಹಿಡಿದ್ರೆ ಕಲ್ಲನ್ನ ಮುಟ್ಟದೇನೇ ಯಾವ ಧಾತು ಇದೆ ಅಂತ ಹೇಳುತ್ತೆ: ಪಾದರಸ ಬಂದ್ರೆ ಇಂಗಲೀಕದ (ಪಾದರಸ ಇರೋ ಖನಿಜ) ಕೆಂಪು ಇದ್ದಿರ್ಬೇಕು, ನೀಲಿ ಕಲೆಯಲ್ಲಿ ತಾಮ್ರ ಬಂದ್ರೆ ಅಜುರೈಟ್ ಅನ್ನೋ ತಾಮ್ರದ ನೀಲಿ ಖನಿಜ ಇರಬಹುದು. ಲಾಪಿಸ್ ಲಾಜುಲಿ ಅನ್ನೋ ನೀಲಿ ಕಲ್ಲಿನ ಬಣ್ಣ ಮಾತ್ರ ಈ ಮೆಷಿನ್‌ಗೆ ಸುಲಭಕ್ಕೆ ಸಿಗಲ್ಲ, ಅದರಲ್ಲಿರೋ ಧಾತುಗಳು ಹಗುರ.

ಬಣ್ಣ ಸಿಕ್ತು ಅಂತ ಕುಣಿಯೋ ಹಾಗೂ ಇಲ್ಲ, ಆಮೇಲೆ ಯಾರೋ ಭಕ್ತಿಯಿಂದ ಬಳಿದಿದ್ದೂ ಇರ್ಬಹುದು. ಟೈಟಾನಿಯಂ ಬಿಳಿ ಸಿಕ್ರೆ ಅದು 20ನೇ ಶತಮಾನದ್ದು, ಪ್ರಷ್ಯನ್ ನೀಲಿ ಸಿಕ್ರೆ 1700ರ ಈಚೆಗಿಂದು. ನನಗೆ ಎಲ್ಲಕ್ಕಿಂತ ಇಷ್ಟ ಆಗೋ ಪರೀಕ್ಷೆ ಬೇರೆ: ಸಾಸಿವೆಗಿಂತ ಚಿಕ್ಕ ಚೂರು ತಗೊಂಡು ಅಡ್ಡಕ್ಕೆ ಕೊಯ್ದು ಪದರ ನೋಡ್ತಾರೆ. ಕಲ್ಲಿಗೂ ಬಣ್ಣಕ್ಕೂ ನಡುವೆ ಮಸಿ, ಧೂಳಿನ ಗೆರೆ ಇದ್ರೆ, ಮೂರ್ತಿ ಎಷ್ಟೋ ಕಾಲ ಬರಿ ಕಲ್ಲಾಗೇ ನಿಂತಿತ್ತು, ಬಣ್ಣ ಆಮೇಲೆ ಬಂದಿದ್ದು. ಧೂಳಿಲ್ದೇ ಬಣ್ಣ ನೇರವಾಗಿ ಕಲ್ಲಿಗೇ ಕೂತಿದ್ರೆ ಮಾತ್ರ, ಇದು ಶಿಲ್ಪಿಯ ಕಾಲದ್ದೇ ಇರಬಹುದು ಅಂತ ಮಾತು ಶುರುವಾಗುತ್ತೆ.