ಇಂಗ್ಲಿಷ್ ಚೆನ್ನಾಗಿ ಬರುವ ಪೈಲಟ್‌ಗೂ ರೇಡಿಯೋದ ಸಿದ್ಧ ಮಾತು ಬೇಕೇ?

ಬೇಕೇ ಬೇಕು. ಸಿದ್ಧ ಮಾತು ಎಂದರೆ ಪೈಲಟ್ ಮತ್ತು ಕಂಟ್ರೋಲರ್ (ನೆಲದಿಂದ ವಿಮಾನಗಳಿಗೆ ದಾರಿ ಹೇಳುವವರು) ರೇಡಿಯೋದಲ್ಲಿ ಬಳಸಬೇಕಾದ ಗೊತ್ತುಪಡಿಸಿದ ಪದಗಳು. ಎಷ್ಟು ಸಲ ಬರೆದರೂ ಈ ಪ್ರಶ್ನೆ ತಿರುಗಿ ಬರುತ್ತದೆ. ಸಿದ್ಧ ಮಾತು ಇಂಗ್ಲಿಷ್ ಬಾರದವರ ಊರುಗೋಲು ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿ ಬೇರೂರಿದೆ.

1989ರ ಫೆಬ್ರುವರಿ, ಕ್ವಾಲಾಲಂಪುರ. ಇಳಿಯುತ್ತಿದ್ದ ಅಮೆರಿಕದ ಸರಕು ವಿಮಾನ ಫ್ಲೈಯಿಂಗ್ ಟೈಗರ್ 66ಕ್ಕೆ ಕಂಟ್ರೋಲರ್ ಹೇಳಿದ್ದು 'ಡಿಸೆಂಡ್ ಟೂ ಫೋರ್ ಜೀರೋ ಜೀರೋ'. 2400 ಅಡಿಗೆ ಇಳಿಯಿರಿ ಎಂದರ್ಥ. ವಿಮಾನದಲ್ಲಿದ್ದವರಿಗೆ ಆ 'ಟೂ' ಅಂಕಿಯಾಗಿ ಕೇಳಿಸಲಿಲ್ಲ, '400ಕ್ಕೆ' ಎನ್ನುವಲ್ಲಿನ 'ಕ್ಕೆ' ಆಯಿತು. 'ಓಕೆ, ಫೋರ್ ಜೀರೋ ಜೀರೋ' ಎಂದು ಮರುನುಡಿದರು, ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರೂ ಸತ್ತರು. ಅಲ್ಲಿ ಇಂಗ್ಲಿಷಿಗೇನೂ ಕೊರತೆ ಇರಲಿಲ್ಲ. ಇಲ್ಲದ್ದು 'ಟೂ ತೌಸಂಡ್ ಫೋರ್ ಹಂಡ್ರೆಡ್ ಫೀಟ್' ಎಂಬ ಮಾತು. ಭಾಷೆ ಸಲೀಸಾಗಿ ಬರುವವರು ಮಾತನ್ನು ಮೊಟಕು ಮಾಡುವುದೂ ಸಲೀಸು, ಅಪಾಯ ಇರುವುದೇ ಅಲ್ಲಿ.

1977ರಲ್ಲಿ ಟೆನೆರಿಫ್‌ನ ರನ್‌ವೇಯಲ್ಲಿ ಎರಡು ವಿಮಾನ ಡಿಕ್ಕಿಯಾಗಿ 583 ಜನರು ಸತ್ತಾಗಲೂ ನಡುವೆ ಟೇಕಾಫ್ ಬಗ್ಗೆ ಒಂದು ಅಸ್ಪಷ್ಟ ವಾಕ್ಯ, ಒಂದು 'ಓಕೆ' ಇದ್ದವು. ಈಗ 'ಟೇಕಾಫ್' ಪದ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ. ಉಳಿದೆಡೆ 'ಡಿಪಾರ್ಚರ್'.

'ರೋಜರ್' ಎಂದರೆ ಹೌದು ಅಲ್ಲ. ನಿಮ್ಮ ಮಾತು ಪೂರ್ತಿ ಕೇಳಿಸಿತು, ಅಷ್ಟೇ. ಹೌದು ಎನ್ನಲು 'ಅಫರ್ಮ್', ಹಾಗೇ ಮಾಡುತ್ತೇನೆ ಎನ್ನಲು 'ವಿಲ್ಕೋ'. ಆದರೆ ರನ್‌ವೇ, ಎತ್ತರ, ದಿಕ್ಕು, ವೇಗ, ಸ್ಕ್ವಾಕ್ (ರಾಡಾರ್‌ನಲ್ಲಿ ವಿಮಾನವನ್ನು ಗುರುತಿಸುವ ನಾಲ್ಕಂಕಿ ಸಂಕೇತ), ಕ್ಯೂಎನ್‌ಎಚ್ (ಎತ್ತರದ ಮೀಟರಿಗೆ ಕೂರಿಸುವ ಗಾಳಿಯ ಒತ್ತಡ) ಬಂದಾಗ ಇವೂ ಸಾಲವು; ಅಂಕಿಗಳನ್ನೇ ಮರುನುಡಿಯಬೇಕು. ನಿಮಿಷಕ್ಕೆ 100 ಪದ ಮೀರಬೇಡಿ.

ಗಡಿ ದಾಟಿದ ಮೇಲೆ ಕ್ಯೂಎನ್‌ಎಚ್ ಬಗ್ಗೆ ವಿಶೇಷ ಎಚ್ಚರ ಬೇಕು. ಅಮೆರಿಕದಲ್ಲಿ ಒತ್ತಡ ಪಾದರಸದ ಇಂಚುಗಳಲ್ಲಿ, ಹೆಚ್ಚಿನ ದೇಶಗಳಲ್ಲಿ ಹೆಕ್ಟೋಪಾಸ್ಕಲ್‌ನಲ್ಲಿ. ಬರಿದೇ 'ನೈನರ್ ನೈನರ್ ಟೂ' ಎಂದರೆ 992 ಹೆಕ್ಟೋಪಾಸ್ಕಲ್ಲೋ, ತಲೆ ಕತ್ತರಿಸಿದ 29.92 ಇಂಚೋ? 992 ಇರುವಲ್ಲಿ 29.92 ಕೂರಿಸಿದರೆ ನೀವು ಎತ್ತರದ ಮೀಟರ್ ತೋರಿಸುವುದಕ್ಕಿಂತ ಸುಮಾರು 600 ಅಡಿ ಕೆಳಗಿರುತ್ತೀರಿ. ಮೋಡದೊಳಗೆ ಅದು ತಿಳಿಯುವುದೂ ಇಲ್ಲ. 'ಹೆಕ್ಟೋಪಾಸ್ಕಲ್ಸ್' ಎಂದು ಸೇರಿಸಿ ಹೇಳಿ, ಕಂಟ್ರೋಲರ್ ಸೇರಿಸದಿದ್ದರೆ ಕೇಳಿ.

ಹಾಗಾದರೆ ಸ್ಥಳೀಯ ಭಾಷೆಯಲ್ಲಿ ಮಾತಾಡುವಂತೆಯೇ ಇಲ್ಲವೇ? ಇದೆ. ನೆಲದ ಕೇಂದ್ರ ತನ್ನ ಭಾಷೆ ಬಳಸಬಹುದು, ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ನೀವು ಕೇಳಿದರೆ ಇಂಗ್ಲಿಷಿನಲ್ಲೂ ಉತ್ತರಿಸಬೇಕು. ತೊಂದರೆ ಎಂದರೆ, ಉಳಿದ ವಿಮಾನಗಳ ಜೊತೆಗಿನ ಮಾತು ನಿಮಗೆ ಅರ್ಥವಾಗದು. ನಿಮ್ಮ ರನ್‌ವೇಯಲ್ಲಿ ಇನ್ನೊಬ್ಬರು ಇರಬಹುದೆಂಬ ಶಂಕೆ ಬಂದರೆ, ಊಹಿಸುತ್ತಾ ಕೂರದೆ ಕೂಡಲೇ ಕಂಟ್ರೋಲರ್‌ನನ್ನು ಕೇಳಿ.