ಕೆಂಪು ಇಳಿದರೂ ಡ್ರಾಪ್ಸ್ ನಿಲ್ಲಿಸಬೇಡಿ

ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಕಣ್ಣು ಕೆಂಪಾಯಿತೆಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು 'ಮದ್ರಾಸ್ ಐ'. ಮೆಡಿಕಲ್ ಶಾಪಿನ ಡ್ರಾಪ್ಸ್, ನಂದಿಬಟ್ಟಲು ಹೂವಿನ ರಸ ಎಂದು ವಾರ ಕಳೆಯುತ್ತದೆ. ಮದ್ರಾಸ್ ಐ ಆದರೆ ಗೀಜು ಕಟ್ಟಿ ರೆಪ್ಪೆ ಅಂಟುತ್ತದೆ, ಚುಚ್ಚಿದಂತಾಗುತ್ತದೆ. ಗೀಜೇ ಇಲ್ಲದೆ ಒಳಗಿನಿಂದ ನೋವು, ಬೆಳಕು ಕಂಡರೆ ಕಣ್ಣು ಬಿಡಲಾಗದ ಸ್ಥಿತಿ, ಕಪ್ಪುಗುಡ್ಡೆಯ ಸುತ್ತಲೇ ಹೆಚ್ಚು ಕೆಂಪು, ದೃಷ್ಟಿ ಮಬ್ಬು ಇದ್ದರೆ ಯುವಿಯೈಟಿಸ್, ಅಂದರೆ ಕಣ್ಣಿನೊಳಗಿನ ಉರಿಯೂತ ಇರಬಹುದು. ಅಂದೇ ಕಣ್ಣಿನ ಡಾಕ್ಟರಿಗೆ ತೋರಿಸಬೇಕು.

ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ 1 ಮಿ.ಮೀ. ಅಗಲ, 1 ಮಿ.ಮೀ. ಎತ್ತರದ ಬೆಳಕಿನ ಕಿರಣವನ್ನು ಓರೆಯಾಗಿ ಬಿಟ್ಟು ನೋಡಿದರೆ ಕಪ್ಪುಗುಡ್ಡೆಯ ಹಿಂದಿನ ನೀರಿನಲ್ಲಿ ಬಿಳಿ ರಕ್ತಕಣಗಳು ತೇಲುವುದು ಕಾಣುತ್ತದೆ. ಅವನ್ನು ಎಣಿಸುತ್ತೇವೆ. 6ರಿಂದ 15 ಇದ್ದರೆ ಉರಿಯೂತದ ತೀವ್ರತೆ ಒಂದು ಪ್ಲಸ್, 50 ಮೀರಿದರೆ ನಾಲ್ಕು ಪ್ಲಸ್. ಹೊರಗಿನ ಕೆಂಪು ಕೆಲವೇ ದಿನಗಳಲ್ಲಿ ಇಳಿಯಬಹುದು, ಈ ಕಣಗಳು ಹೋಗಲು ವಾರಗಳು ಬೇಕು. ಕನ್ನಡಿಯಲ್ಲಿ ಕಣ್ಣು ಬೆಳ್ಳಗೆ ಕಂಡಿತೆಂದು ಔಷಧ ಬಿಟ್ಟರೆ ಕಾಯಿಲೆ ಒಳಗೇ ಮುಂದುವರಿಯುತ್ತದೆ. ರಕ್ತನಾಳಗಳಿಂದ ಸೋರಿದ ಪ್ರೋಟೀನ್ ಅಂಟಿನಂತೆ ವರ್ತಿಸಿ ಪಾಪೆಯ ಅಂಚನ್ನು ಹಿಂದಿನ ಮಸೂರಕ್ಕೆ ಅಂಟಿಸುತ್ತದೆ. ಸುತ್ತಲೂ ಅಂಟಿಕೊಂಡರೆ ಕಣ್ಣಿನೊಳಗಿನ ನೀರಿಗೆ ದಾರಿ ಕಟ್ಟಿ, ಒತ್ತಡ ಏರಿ, ಗ್ಲಾಕೋಮಾದಿಂದ ನರವೇ ಹಾಳಾಗುತ್ತದೆ.

ಚಿಕಿತ್ಸೆಗೆ ಮೊದಲು, ಸೋಂಕು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಟಿಬಿ, ಸಿಫಿಲಿಸ್, ಹರ್ಪಿಸ್ ಇವೆಲ್ಲ ಹೀಗೇ ಕಾಣಿಸಿಕೊಳ್ಳುತ್ತವೆ. ಗದ್ದೆ ಕೆಲಸದವರಿಗೆ ಇಲಿ ಜ್ವರ ಬಂದು ಹೋಗಿ ತಿಂಗಳುಗಳ ಮೇಲೂ ಕಣ್ಣಿಗೆ ಉರಿಯೂತ ಬರಬಹುದು. ಹಾಗಾಗಿ ಹಳೆಯ ಜ್ವರದ ವಿಷಯವನ್ನೂ ಡಾಕ್ಟರಿಗೆ ಹೇಳಿ.

ಸೋಂಕಲ್ಲದ ಉರಿಯೂತದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣಿನ ಮೇಲೆ ತಿರುಗಿಬಿದ್ದಿರುತ್ತದೆ. ಎಷ್ಟೋ ಜನರಲ್ಲಿ ಕಾರಣ ಸಿಗುವುದೇ ಇಲ್ಲ. ಬೆಳಗ್ಗೆ ಏಳುವಾಗ ಸೊಂಟ ಬಿಗಿದು, ಓಡಾಡಿದ ಮೇಲೆ ಸಡಿಲವಾಗುವ ಯುವಕರಲ್ಲಿ ಬೆನ್ನುಮೂಳೆಯ ಸಂಧಿವಾತ ಹುಡುಕಬೇಕು. ಎಚ್‌ಎಲ್‌ಎ-ಬಿ27 ಎಂಬ ರಕ್ತಪರೀಕ್ಷೆ ಇದಕ್ಕೇ. ಕೀಲು ಊದಿದ ಮಕ್ಕಳ ವಿಷಯ ಬೇರೆ: ಉರಿಯೂತವಿದ್ದರೂ ಹೆಚ್ಚಾಗಿ ಕಣ್ಣು ನೋಯುವುದಿಲ್ಲ, ಕೆಂಪಾಗುವುದಿಲ್ಲ, ಮಗು ಏನೂ ಹೇಳುವುದಿಲ್ಲ, ಒಳಗೆ ಪೊರೆ ಬೆಳೆದಿರಬಹುದು. ಆ ಮಕ್ಕಳ ಕಣ್ಣನ್ನು ದೂರು ಇಲ್ಲದಿದ್ದರೂ ಮೂರು ತಿಂಗಳಿಗೊಮ್ಮೆ ಪರೀಕ್ಷಿಸಬೇಕಾಗುತ್ತದೆ. 'ಪೊರೆ ಇನ್ನೂ ಹಣ್ಣಾಗಲಿ' ಎಂದು ಹಿರಿಯರು ವರ್ಷಗಟ್ಟಲೆ ಕಾಯುವುದೂ ಅಪಾಯವೇ. ಅತಿಯಾಗಿ ಹಣ್ಣಾದ ಪೊರೆ ಸೋರಿದರೆ ಉರಿಯೂತವೂ ಒತ್ತಡವೂ ಒಟ್ಟಿಗೇ ಬರುತ್ತವೆ. ಮರಗಸಿ ಮಾಡುವಾಗ ಕೊಂಬೆ ಬಡಿದು ಒಂದು ಕಣ್ಣು ಒಡೆದರೆ, ವಾರಗಳು ಅಥವಾ ತಿಂಗಳುಗಳ ನಂತರ ಚೆನ್ನಾಗಿದ್ದ ಇನ್ನೊಂದು ಕಣ್ಣಿಗೂ ಉರಿಯೂತ ಬರುವುದುಂಟು. ಅಪರೂಪ, ಆದರೆ ಬಹಳ ಗಂಭೀರ.

ಕಣ್ಣಿನ ಮುಂಭಾಗದ ಉರಿಯೂತಕ್ಕೆ ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಅಸಿಟೇಟ್ 1% ಎಂಬ ಸ್ಟೀರಾಯ್ಡ್ ಡ್ರಾಪ್ಸ್ ಕೊಡುತ್ತೇವೆ. ತೀವ್ರವಾಗಿದ್ದಾಗ ಎಚ್ಚರವಿರುವಷ್ಟೂ ಹೊತ್ತು ಗಂಟೆಗೊಂದು ಹನಿ. ಔಷಧ ಬಾಟಲಿಯ ತಳದಲ್ಲಿ ಕೂರುತ್ತದೆ, ಪ್ರತಿ ಸಲವೂ ಚೆನ್ನಾಗಿ ಅಲ್ಲಾಡಿಸದಿದ್ದರೆ ಕಣ್ಣಿಗೆ ಬೀಳುವುದು ಬರೀ ನೀರು. ಹನಿ ಹಾಕಿ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಎರಡನೆಯ ಔಷಧಕ್ಕೆ ಐದು ನಿಮಿಷ ಬಿಡಿ. ಜೊತೆಗೆ ಕೊಡುವ ಹೋಮಟ್ರೋಪಿನ್ ಅಥವಾ ಅಟ್ರೋಪಿನ್ ಪಾಪೆಯನ್ನು ಹಿಗ್ಗಿಸಿ ಅಂಟದಂತೆ ತಡೆಯುತ್ತದೆ, ನೋವನ್ನೂ ಇಳಿಸುತ್ತದೆ. ಅದರಿಂದ ಹತ್ತಿರದ್ದು ಮಂಜಾಗುತ್ತದೆ, ಬೆಳಕು ಕುಕ್ಕುತ್ತದೆ. ಅಷ್ಟು ದಿನ ಘಾಟಿಯಲ್ಲಿ ಬೈಕ್ ಓಡಿಸಬೇಡಿ. ಕಣ ಕಡಿಮೆಯಾದಂತೆ ಸ್ಟೀರಾಯ್ಡ್ ಹನಿಯನ್ನು ದಿನಕ್ಕೆ ಆರು, ನಾಲ್ಕು, ಮೂರು, ಎರಡು, ಒಂದು ಎಂದು ಹೆಚ್ಚುಕಡಿಮೆ ವಾರಕ್ಕೊಂದು ಮೆಟ್ಟಿಲು ಇಳಿಸುತ್ತೇವೆ. ಒಟ್ಟು ಆರು ವಾರವಾದರೂ ಬೇಕು. ಕಾಫಿ ಕೊಯ್ಲಿನ ಸಮಯದಲ್ಲಿ ತಪ್ಪಿಹೋಗುವುದು ಈ ಕೊನೆಯ ಭೇಟಿಗಳೇ. ಕಣ್ಣಿನ ಒತ್ತಡ ಅಳೆಯಬೇಕಾದ್ದೂ ಆಗಲೇ, ಏಕೆಂದರೆ ಕೆಲವರಿಗೆ ಸ್ಟೀರಾಯ್ಡಿನಿಂದಲೇ ಒತ್ತಡ ಏರುತ್ತದೆ.

ಉರಿಯೂತ ಕಣ್ಣಿನ ಹಿಂಭಾಗದಲ್ಲಿದ್ದರೆ ಹನಿ ಅಲ್ಲಿಗೆ ಸಾಕಷ್ಟು ತಲುಪುವುದಿಲ್ಲ. ಕಣ್ಣಿಗೆ ಇಂಜೆಕ್ಷನ್, ಅಥವಾ ತೂಕದ ಕಿಲೋಗೆ ದಿನಕ್ಕೆ 1 ಮಿ.ಗ್ರಾಂ ಲೆಕ್ಕದಲ್ಲಿ ಪ್ರೆಡ್ನಿಸೊಲೋನ್ ಮಾತ್ರೆ ಬೇಕಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಮನೆಯಲ್ಲೇ ಶುಗರ್ ನೋಡಿಕೊಳ್ಳುತ್ತಿರಬೇಕು. ಮೂರು ತಿಂಗಳಲ್ಲಿ ಮಾತ್ರೆಯನ್ನು ದಿನಕ್ಕೆ 7.5 ಮಿ.ಗ್ರಾಂಗೆ ಇಳಿಸಲಾಗದಿದ್ದರೆ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್‌ನಂಥ ಔಷಧಕ್ಕೆ ಹೋಗುತ್ತೇವೆ. ಇದು ವಾರಕ್ಕೆ ಒಂದೇ ದಿನ, ಫೋಲಿಕ್ ಆ್ಯಸಿಡ್ ಜೊತೆಗೆ. ತಪ್ಪಿ ದಿನಾಲೂ ನುಂಗಿದರೆ ರಕ್ತಕಣ ತಯಾರಿಸುವ ಮೂಳೆಯ ಮಜ್ಜೆ ಕುಸಿದು ಪ್ರಾಣಕ್ಕೇ ಕುತ್ತು. ಕ್ಯಾಲೆಂಡರಿನಲ್ಲಿ ವಾರದ ಹೆಸರಿಗೇ ಗುರುತು ಹಾಕಿಡಿ. ಗರ್ಭಿಣಿಯರಿಗೆ ಇದು ಕೂಡದು. ಅದಕ್ಕೂ ಬಗ್ಗದಿದ್ದರೆ ಎರಡು ವಾರಕ್ಕೊಮ್ಮೆ 40 ಮಿ.ಗ್ರಾಂ ಅಡಾಲಿಮುಮಾಬ್ ಇಂಜೆಕ್ಷನ್. ಅಡಗಿರುವ ಟಿಬಿ ಕೆರಳಬಹುದಾದ್ದರಿಂದ ಮೊದಲು ಎದೆಯ ಎಕ್ಸ್‌ರೇ ಮತ್ತು ಟಿಬಿ ಪರೀಕ್ಷೆ ಕಡ್ಡಾಯ. ಔಷಧವನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಮಲೆನಾಡಿನ ಊರಿನವರು ಮನೆಯಲ್ಲಿ ಸಂಗ್ರಹಿಸದೆ, ಹಾಕಿಸಿಕೊಳ್ಳುವ ದಿನವೇ ಐಸ್ ಪೆಟ್ಟಿಗೆಯಲ್ಲಿ ತರಿಸುವುದು ಒಳ್ಳೆಯದು.

ಈ ಕಾಯಿಲೆ ಮರುಕಳಿಸುತ್ತದೆ. ಮತ್ತೆ ಕೆಂಪಾದರೆ ಕಳೆದ ಸಲ ಉಳಿದ ಬಾಟಲಿಯನ್ನು ಹಾಕಿಕೊಳ್ಳಬೇಡಿ. ಈ ಬಾರಿ ಅದು ಹರ್ಪಿಸ್ ಹುಣ್ಣಾಗಿದ್ದರೆ ಸ್ಟೀರಾಯ್ಡ್ ಹುಣ್ಣನ್ನು ಹರಡಿಸುತ್ತದೆ. ತೆರೆದು ತಿಂಗಳಾದ ಡ್ರಾಪ್ಸ್ ಎಸೆದು, ಹಳೆಯ ಚೀಟಿ ಹಿಡಿದು ಬನ್ನಿ. ಯಾವ ಔಷಧ ಎಷ್ಟಕ್ಕೆ ಇಳಿಸಿದಾಗ ತಿರುಗಿ ಬಂತು ಎಂಬುದು ಅದರಲ್ಲಿರುತ್ತದೆ.