ಪ್ರೆಸ್ ಫಿಟ್ಟಿಂಗ್ ಸೋರುತ್ತದಾ? ಈ ಜಗಳ ಶುರುವಾದದ್ದು ಎಲ್ಲಿಂದ?

ಪೈಪಿನ ಕೆಲಸ ಮಾಡುವ ಇಬ್ಬರನ್ನು ಕೂರಿಸಿ ಪ್ರೆಸ್ ಫಿಟ್ಟಿಂಗ್, ಅಂದರೆ ಬೆಸುಗೆ ಇಲ್ಲದೆ ಯಂತ್ರದಿಂದ ಒತ್ತಿ ಪೈಪು ಕೂಡಿಸುವ ತುಂಡಿನ ಮಾತೆತ್ತಿ ನೋಡಿ. ಇಷ್ಟು ವರ್ಷದಲ್ಲಿ ಒಂದು ಹನಿ ಸೋರಿಲ್ಲ ಅನ್ನುತ್ತಾರೆ ಒಬ್ಬರು. ರಬ್ಬರ್ ಉಂಗುರ ನಂಬಿಕೊಂಡು ಗೋಡೆ ಮುಚ್ಚೋಕೆ ನನಗೆ ಧೈರ್ಯ ಇಲ್ಲ ಅನ್ನುತ್ತಾರೆ ಇನ್ನೊಬ್ಬರು. ಇಬ್ಬರ ಮಾತಲ್ಲೂ ನಿಜ ಇದೆ. ಒಬ್ಬರು ಹೇಳುವುದು ಒಂದು ಕಾಲದ ಸರಕಿನ ಬಗ್ಗೆ, ಇನ್ನೊಬ್ಬರು ಹೇಳುವುದು ಬೇರೆ ಕಾಲದ್ದರ ಬಗ್ಗೆ, ಅಷ್ಟೇ.

ಹಿಂದೆಲ್ಲ ಜಾಯಿಂಟ್ ಅಂದರೆ ಸೀಸ, ಇಲ್ಲವೇ ಥ್ರೆಡ್ಡಿಗೆ ಸುತ್ತಿದ ನಾರು, ಆಮೇಲೆ ತಾಮ್ರದ ಪೈಪಿಗೆ ತವರ-ಸೀಸದ ಬೆಸುಗೆ. 1986ರಲ್ಲಿ ಅಮೆರಿಕ ಕುಡಿಯುವ ನೀರಿನ ಪೈಪಿಗೆ ಸೀಸದ ಬೆಸುಗೆ ಹಾಕುವುದನ್ನು ನಿಷೇಧಿಸಿತು. ಸೀಸವಿಲ್ಲದ ಬೆಸುಗೆ ಕರಗಲು ಬಿಸಿ ಜಾಸ್ತಿ ಬೇಕು, ಪೈಪಲ್ಲಿ ಸ್ವಲ್ಪ ನೀರು ಉಳಿದಿದ್ದರೂ ಅದು ಹಿಡಿಯುವುದಿಲ್ಲ. ಜೊತೆಗೆ ಮರದ ಅಟ್ಟದಡಿ ಬೆಂಕಿ ಹಿಡಿದು ಕೆಲಸ ಮಾಡುವ ಭಯ ಬೇರೆ.

ಒತ್ತಿ ಕೂಡಿಸುವ ಉಪಾಯ ಅಷ್ಟರಲ್ಲಾಗಲೇ ಇತ್ತು. ಸಂದಿನಲ್ಲಿ ಕೂತು ನೀರು ತಡೆಯುವ ರಬ್ಬರ್ ಉಂಗುರ, ಅಂದರೆ ಓ-ರಿಂಗ್‌ಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1939ರಲ್ಲಿ. 1950ರ ದಶಕದ ಕೊನೆಗೆ ಸ್ವೀಡನ್ನಲ್ಲಿ ಪ್ರೆಸ್ ಜಾಯಿಂಟ್ ರೂಪುಗೊಂಡಿತು, ಜರ್ಮನಿಯಲ್ಲಿ ಮನೆ ಬೆಚ್ಚಗಿಡಲು ಬಿಸಿನೀರು ಹರಿಸುವ ಉಕ್ಕಿನ ಹೀಟಿಂಗ್ ಪೈಪುಗಳಿಗೆ ಬಂತು. ತಾಮ್ರಕ್ಕೆ ಅದು ದೊಡ್ಡ ಮಟ್ಟದಲ್ಲಿ ಇಳಿದದ್ದು 1990ರ ದಶಕದ ನಡುವೆ. ನಿಜವಾದ ಕಥೆ ಅಲ್ಲಿಂದ ಶುರು.

ಒಂದು ಫಿಟ್ಟಿಂಗ್ ಕೈಗೆ ತಗೊಂಡು ಬಾಯಿಯ ಒಳಗೆ ಬೆರಳಾಡಿಸಿ. ಅಂಚಿನ ಹತ್ತಿರ ಒಂದು ಉಬ್ಬು, ಆ ಉಬ್ಬಿನೊಳಗೆ ಕಪ್ಪು ರಬ್ಬರ್ ಉಂಗುರ. ಪೈಪು ತೂರಿಸಿ, ಯಂತ್ರದ ದವಡೆಯನ್ನು ಆ ಉಬ್ಬಿನ ಮೇಲೆ ಕೂರಿಸಿ ಗುಂಡಿ ಒತ್ತಿದರೆ ಕೆಲವೇ ಸೆಕೆಂಡಲ್ಲಿ ಮುಗಿಯಿತು. ದೊಡ್ಡ ಯಂತ್ರ 32 ಕಿಲೋನ್ಯೂಟನ್ ಬಲ ಹಾಕುತ್ತದೆ, ಅಂದರೆ ಮೂರು ಟನ್ನಿಗೂ ಜಾಸ್ತಿ. ಉಂಗುರ ಹಿಂಡಿಕೊಂಡು ನೀರು ತಡೆಯುತ್ತದೆ. ಅದರ ಪಕ್ಕದ ಲೋಹ ಪೈಪನ್ನೂ ಸೇರಿಸಿ ನಜ್ಜಾಗಿ, ಪೈಪು ಹೊರಗೆ ಜಾರದಂತೆ ಕಚ್ಚಿ ಹಿಡಿಯುತ್ತದೆ. ತಡೆಯುವುದು ರಬ್ಬರು, ಹಿಡಿಯುವುದು ಲೋಹ. ಬರೀ ರಬ್ಬರ್ ಮೇಲೆ ನಿಂತಿದೆ ಅನ್ನುವವರು ಈ ಎರಡನೇ ಅರ್ಧವನ್ನು ಮರೆಯುತ್ತಾರೆ.

ಆದರೆ ಮೊದಮೊದಲಿನ ಫಿಟ್ಟಿಂಗ್‌ಗಳಲ್ಲಿ ಒಂದು ಕೆಟ್ಟ ಗುಣ ಇತ್ತು. ಉಂಗುರ ಪೈಪಿಗೆ ಬಿಗಿಯಾಗಿ ಕೂರುತ್ತಿದ್ದರಿಂದ, ಒತ್ತಲು ಮರೆತ ಜಾಯಿಂಟ್ ಕೂಡ ಸೋರದೆ ಸುಮ್ನೆ ಇರುತ್ತಿತ್ತು! ನೂರು ಜಾಯಿಂಟ್‌ನಲ್ಲಿ ಒಂದು ಮರೆಯುವುದು ಸಹಜ ಅಲ್ವಾ? ನೀರು ತುಂಬಿ ನೋಡಿದರೆ ಎಲ್ಲವೂ ಒಣ. ಗೋಡೆ ಮುಚ್ಚಿ, ಟೈಲ್ಸ್ ಹಾಕಿ, ಜನ ಬಂದು ವಾಸ ಮಾಡಲು ಶುರು ಮಾಡಿದ ಎಷ್ಟೋ ದಿನದ ಮೇಲೆ, ಯಾರೋ ನಲ್ಲಿ ಪಟ್ಟಂತ ನಿಲ್ಲಿಸಿದಾಗ ಒತ್ತಡ ಏರಿ ಪೈಪು ಕಿತ್ತು ಬರುತ್ತಿತ್ತು. ಇವತ್ತು ಕೇಳುವ ಭಯದ ಕಥೆಗಳಲ್ಲಿ ಎಷ್ಟೋ ಈ ಜಾತಿಯವು.

ಪರಿಹಾರ ಸರಳವಾಗಿತ್ತು. ಒತ್ತುವ ತನಕ ನೀರಿಗೆ ಒಂದು ಸಣ್ಣ ದಾರಿ ಉಳಿಯುವ ಹಾಗೆ ಉಬ್ಬಿನ ಅಥವಾ ಉಂಗುರದ ಆಕಾರವನ್ನೇ ಬದಲಿಸಿದರು. ಒತ್ತಿದರೆ ಆ ದಾರಿ ಮುಚ್ಚುತ್ತದೆ, ಒತ್ತದಿದ್ದರೆ ನೀರು ಬಿಟ್ಟ ಕೂಡಲೇ ತೊಟ್ಟಿಕ್ಕಿ ಹೇಳುತ್ತದೆ. ಪರೀಕ್ಷೆಯನ್ನು ಮೊದಲು ಕಡಿಮೆ ಒತ್ತಡದಲ್ಲಿ ಮಾಡಬೇಕು ಅನ್ನುವುದು ಇದಕ್ಕೇ. ಒಮ್ಮೆಲೇ ಜೋರು ಒತ್ತಡ ಕೊಟ್ಟರೆ ಆ ಒತ್ತಡವೇ ಉಂಗುರವನ್ನು ತಳ್ಳಿ ದಾರಿ ಮುಚ್ಚಿಬಿಡಬಹುದು. ಈ ಒಂದು ಹೆಜ್ಜೆಯನ್ನು ಅವಸರದಲ್ಲಿ ಬಿಡುವುದು ನೋಡಿದರೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಇದೇ ಹೊತ್ತಿಗೆ ಅಮೆರಿಕದಲ್ಲಿ ಪಾಲಿಬ್ಯುಟಿಲೀನ್ ಪೈಪಿನ ಗಲಾಟೆ ನಡೆದಿತ್ತು. 1978ರಿಂದ 1995ರವರೆಗೆ ಮನೆಗಳಿಗೆ ಹಾಕಿದ ಆ ಪ್ಲಾಸ್ಟಿಕ್ ಪೈಪು, ಅದರ ಫಿಟ್ಟಿಂಗ್ ಎರಡೂ ಸೋರಿದವು, ಮೊಕದ್ದಮೆ 95 ಕೋಟಿ ಡಾಲರ್ ಒಪ್ಪಂದದಲ್ಲಿ ಮುಗಿಯಿತು. ಅದು ಬೇರೆ ವಸ್ತು, ಬೇರೆ ಜಾಯಿಂಟ್. ಆದರೂ ಅಲ್ಲೂ ಲೋಹದ ಬಳೆ ಹಾಕಿ ಬಿಗಿಯುತ್ತಿದ್ದರಲ್ಲ, ಬಿಗಿದು ಕೂಡಿಸಿದ್ದು ಯಾವುದೇ ಇರಲಿ ಅನುಮಾನ ಪಡುವ ಅಭ್ಯಾಸ ಜನರಿಗೆ ಉಳಿದುಕೊಂಡಿತು.

ಅಲ್ಲಿಂದೀಚೆಗೆ ಕೆಡುವುದು ಹೆಚ್ಚಾಗಿ ಗುಂಡಿ ಒತ್ತುವ ಮೊದಲೇ. ಪೈಪು ಕೊಯ್ದ ಅಂಚಿನಲ್ಲಿ ಸಿಬಿರು ಉಳಿದಿರುತ್ತದೆ, ತೂರಿಸುವಾಗ ಅದು ಉಂಗುರವನ್ನು ಕೂದಲೆಳೆಯಷ್ಟು ಸೀಳುತ್ತದೆ, ಆವತ್ತು ಏನೂ ಆಗುವುದಿಲ್ಲ. ಪೈಪು ಪೂರ್ತಿ ಒಳಗೆ ಹೋಗಿದೆಯಾ ಅಂತ ತಿಳಿಯಲು ಮಾರ್ಕರ್‌ನಲ್ಲಿ ಗೆರೆ ಹಾಕಬೇಕು. ಎರಡು ಸೆಕೆಂಡಿನ ಕೆಲಸ, ಆದರೂ ಬಿಡುತ್ತಾರೆ. ಪೈಪಿನುದ್ದಕ್ಕೂ ಬಿದ್ದ ಗೀರು ಉಂಗುರದ ಕೆಳಗೆ ನೀರಿಗೆ ಕಾಲುವೆ ತೋಡಿಕೊಟ್ಟ ಹಾಗೆ. ದವಡೆಗಳಲ್ಲೂ ಎಂ, ವಿ ಅಂತ ಬೇರೆ ಬೇರೆ ಆಕಾರ ಇವೆ. ಒಂದರ ಫಿಟ್ಟಿಂಗಿಗೆ ಇನ್ನೊಂದರ ದವಡೆ ಹಾಕಿದರೆ ಒತ್ತಿದ ಗುರುತು ಬೀಳುತ್ತದೆ, ಹಿಡಿತ ಬರುವುದಿಲ್ಲ. ಯಂತ್ರ ಬಂದ ಮೇಲೆ ಕಲಿಯೋಕೆ ಏನೂ ಇಲ್ಲ ಅನ್ನುವ ಮಾತು ಹೇಗೋ ಹಬ್ಬಿಬಿಟ್ಟಿತು. ಬೆಸುಗೆಯ ಕೈಚಳಕ ಬೇಡ ನಿಜ, ಆದರೆ ಅದಕ್ಕೆ ಮುಂಚಿನ ಶ್ರದ್ಧೆ ಅಷ್ಟೇ ಬೇಕು.

ಹೀಟಿಂಗ್ ಪೈಪಿನ ಕಥೆ ಸ್ವಲ್ಪ ಬೇರೆ. ನೀರಿಗೆ ಹಾಕುವ ಇಪಿಡಿಎಂ ರಬ್ಬರಿಗೆ ಖನಿಜ ತೈಲ ಆಗಿಬರುವುದಿಲ್ಲ, ತಗುಲಿದರೆ ಊದಿಕೊಳ್ಳುತ್ತದೆ. ಹಳೇ ಅಭ್ಯಾಸಕ್ಕೆ ಗ್ರೀಸ್ ಸವರಿದರೆ ಕೆಟ್ಟಿತು. ಸೋಲಾರ್ ಪೈಪಿನ ಬಿಸಿಗೆ ಎಫ್‌ಕೆಎಂ ಅನ್ನುವ ಬೇರೆ ರಬ್ಬರಿನ ಉಂಗುರವೇ ಬೇಕು, ಗ್ಯಾಸಿಗೆ ಎಚ್‌ಎನ್‌ಬಿಆರ್ ಅನ್ನುವ ಇನ್ನೊಂದು ರಬ್ಬರ್. ಹೊರಗೆ ಸತು ಬಳಿದ ತೆಳು ಉಕ್ಕಿನ ಪೈಪಿಗೆ ಬಿಸಿ ಆರದಂತೆ ಸುತ್ತಿದ ಹೊದಿಕೆಯೊಳಗೆ ತೇವ ಸೇರಿದರೆ ಹೊರಗಿನಿಂದ ತುಕ್ಕು, ವ್ಯವಸ್ಥೆಯೊಳಗೆ ಆಮ್ಲಜನಕ ನುಸುಳುತ್ತಿದ್ದರೆ ಒಳಗಿನಿಂದ ತುಕ್ಕು. ತೂತಾಗುವುದು ಪೈಪು, ಅಪವಾದ ಬರುವುದು ಜಾಯಿಂಟಿಗೆ.

ಐವತ್ತು ವರ್ಷ ಬಾಳುತ್ತದೆ ಅನ್ನುವ ಲೆಕ್ಕ ಬಂದದ್ದು ರಬ್ಬರನ್ನು ಹೆಚ್ಚು ಬಿಸಿಯಲ್ಲಿಟ್ಟು ಬೇಗ ಮುಪ್ಪಾಗಿಸಿ ನೋಡುವ ಪರೀಕ್ಷೆಯಿಂದ. ತಾಮ್ರದಲ್ಲಿ ಮೊದಲು ಹಾಕಿದವುಗಳಿಗೆ ಈಗ ಸುಮಾರು 30 ವರ್ಷ. ಸರಿಯಾಗಿ ಒತ್ತಿದವನ್ನು ನಾನಂತೂ ನಂಬುತ್ತೇನೆ. ಒಂದೇ ತೊಂದರೆ, ಬೆಸುಗೆ ಸೋರಿದರೆ ಮತ್ತೆ ಕಾಯಿಸಿ ಸರಿಮಾಡಬಹುದು, ಇದನ್ನು ಕತ್ತರಿಸಿಯೇ ತೆಗೆಯಬೇಕು. ಅದಕ್ಕೆ ಫಿಟ್ಟಿಂಗ್ ಪಕ್ಕದಲ್ಲಿ ಒಂದಿಷ್ಟು ನೇರ ಪೈಪು ಬಿಟ್ಟಿರಿ. ಹತ್ತಿರದಲ್ಲಿ ಬೆಸುಗೆ ಹಾಕುವುದಿದ್ದರೆ ಅದನ್ನು ಮೊದಲು ಮುಗಿಸಿ, ಪೈಪು ತಣ್ಣಗಾದ ಮೇಲೆ ಒತ್ತಿ. ಇಲ್ಲದಿದ್ದರೆ ಉಂಗುರ ಒಳಗೇ ಬೆಂದುಹೋಗುತ್ತದೆ.